ಉಣ್ಣೆ ಹಾಕಿದ ಸಿಮೆಂಟ್ ಒಲೆ

ಎರ್ಗಾಶನ ಕಬಾಬಿನ ಒಲೆಯನ್ನು ಎರ್ಗಾಶನ ಮನೆಯಲ್ಲಿ ಕಂಡವರು ಮಾರ್ಗಿಲಾನ್ ಊರಿನ ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಆದರೆ ಆ ಒಲೆಯ ಮೇಲೆ ಬೆಂದ ಕಬಾಬನ್ನು ತಿನ್ನದವರೂ ಒಬ್ಬರೂ ಇರಲಿಲ್ಲ. ಕಬ್ಬಿಣದ ಉದ್ದನೆಯ ಒಲೆ. ಅದಕ್ಕೆ ಎರಡು ಕಡೆ ಎರಡು ಹಿಡಿ. ಆ ಹಿಡಿಗಳೇ ಅದರ ಜಾತಕದ ದೋಷವೆಂದು ಕಾಣುತ್ತದೆ. ಒಬ್ಬರ ಮನೆಯ ಸುನ್ನತಿಗೆಂದು ಹೋದದ್ದು ಅಲ್ಲಿಂದಲೇ ಇನ್ನೊಬ್ಬರ ಮನೆಯ ತೊಟ್ಟಿಲ ಊಟಕ್ಕೆ ಹೋಗುತ್ತಿತ್ತು. ಅಲ್ಲಿಂದ, ಸೈನ್ಯದಿಂದ ಮರಳಿದ ಯಾರದೋ ಮಗನ ಔತಣಕ್ಕೆ. ಕೇಳಿದವರಿಗೆ ಇಲ್ಲವೆನ್ನಲು ಎರ್ಗಾಶನಿಗೆ ಬಾಯಿ ಬರುತ್ತಿರಲಿಲ್ಲ. ಅವನು ಬೀದಿಯ ಕ್ಷೌರಿಕ. ಎಲ್ಲರ ಕುತ್ತಿಗೆಯನ್ನೂ ಬಲ್ಲವನು. ಯಾರ ಮುಖವನ್ನೂ ಮುರಿಯದವನು.

ಇಂಥವನಿಗೆ ಒಂದು ದಿನ ಕೋಕಂದ್ ಊರಿನಿಂದ ಸುದ್ದಿ ಬಂತು. ಬೀಗರು ಬರುತ್ತಾರಂತೆ, ಮುಂದಿನ ಭಾನುವಾರ.

ಮಗಳು ನಾಫಿಸಾಳನ್ನು ಹಿಂದಿನ ಶರತ್ಕಾಲದಲ್ಲಿ ಕೋಕಂದಿಗೆ ಕೊಟ್ಟಿದ್ದರು. ಬೀಗರು ತೋಖ್ತಾಸಿನ್ ರೈಲ್ವೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಎತ್ತರದ ಆಳು, ಬಿಳಿಯ ಮೀಸೆ. ಮದುವೆಯ ದಿನ ಅವರು ನಕ್ಕದ್ದನ್ನು ಕಂಡವರಿಲ್ಲ. ಮದುವೆಯಾದ ಮೇಲೆ ಅವರು ಸೊಸೆಯ ತವರಿಗೆ ಬರುವುದು ಇದೇ ಮೊದಲು. ಊಟದಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಅದರ ಮಾತು ಬೀಳುವುದು ಎರ್ಗಾಶನ ಮೇಲಲ್ಲ, ಆ ಮನೆಯ ಅಡುಗೆಕೋಣೆಯಲ್ಲಿ ತಲೆ ತಗ್ಗಿಸಿ ಚಹಾ ಸೋಸುವ ನಾಫಿಸಾಳ ಮೇಲೆ. ಇದು ಎರ್ಗಾಶನಿಗೂ ಗೊತ್ತು, ಅವನ ಹೆಂಡತಿ ಮಸ್ತೂರಾಳಿಗಂತೂ ಅವನಿಗಿಂತ ಚೆನ್ನಾಗಿ ಗೊತ್ತು.

"ಒಲೆ ತರಿಸಿ ಮೊದಲು," ಎಂದಳು ಮಸ್ತೂರಾ. "ಬೀಗರಿಗೆ ಮನೆ ಯಜಮಾನನೇ ನಿಂತು ಕಬಾಬ್ ಸುಟ್ಟು ಕೊಡಬೇಕು. ಈಗ ಎಲ್ಲಿದೆ ಅದು?"

"ಕೊಚ್ಕೋರನ ಮನೇಲಿದೆ ಅನ್ಸುತ್ತೆ."

"ಅನ್ಸುತ್ತೆ ಅಂತೆ! ಸ್ವಂತ ಒಲೆ ಎಲ್ಲಿದೆ ಅಂತ ಅನಿಸಿಕೊಂಡು ಹುಡುಕೋ ಗಂಡಸು ನೀವೊಬ್ರೇ ಇರ್ಬೇಕು."

ಎರ್ಗಾಶ್ ಗೋಡೆಯಾಚೆಯ ಕೊಚ್ಕೋರನ ಮನೆಗೆ ಹೋದ. ಅಂಗಳದಲ್ಲಿ ಒಲೆ ಧಗಧಗಿಸುತ್ತಿತ್ತು. ಕೊಚ್ಕೋರ್ ಬೀಸಣಿಗೆ ಹಿಡಿದು ನಿಂತಿದ್ದ.

"ಬನ್ನಿ ಅಣ್ಣಾ, ಬನ್ನಿ! ಸರಿಯಾದ ಹೊತ್ತಿಗೆ ಬಂದ್ರಿ. ಕಳಿಸೋಣ ಅಂತಿದ್ದೆ, ನೀವೇ ಬಂದ್ರಿ. ಕೂತ್ಕೊಳ್ಳಿ."

ಕೂತರು, ತಿಂದರು, ಈರುಳ್ಳಿ ನೆಂಚಿಕೊಂಡರು, ಚಹಾ ಕುಡಿದರು. ತನ್ನದೇ ಒಲೆಯ ಮೇಲೆ ಬೆಂದದ್ದನ್ನು ತಿಂದು, ಅದಕ್ಕಾಗಿ ಕೊಚ್ಕೋರನಿಗೆ ಬಾಯಿ ತುಂಬ ಹರಸಿ, ಬಂದ ಕೆಲಸವನ್ನು ಬಾಯಿಗೆ ತಾರದೆ ಎರ್ಗಾಶ್ ಮನೆಗೆ ಮರಳಿದ. (ತಿಂದ ಬಾಯಲ್ಲಿ ಹೇಗೆ ಕೇಳುವುದು, ನೀವೇ ಹೇಳಿ.)

ದಾರಿಯಲ್ಲಿ ಅವನಿಗೆ ಆ ಮಹಾ ವಿಚಾರ ಹೊಳೆಯಿತು. ಹೊಳೆದ ರಭಸಕ್ಕೆ ಅವನು ಕಾಲುವೆಯ ಪಕ್ಕದಲ್ಲಿ ಒಂದು ಕ್ಷಣ ನಿಂತೇಬಿಟ್ಟ. ಒಲೆಗೆ ಹಿಡಿಗಳಿರುವುದರಿಂದಲ್ಲವೆ ಜನ ಅದನ್ನು ಎತ್ತಿಕೊಂಡು ಹೋಗುವುದು? ಹಿಡಿಯೇ ಇಲ್ಲದ ಒಲೆ, ಎತ್ತಲಾಗದ ಒಲೆ, ನೆಲಕ್ಕೆ ಬೇರುಬಿಟ್ಟ ಒಲೆ ಇದ್ದರೆ?

"ಸಿಮೆಂಟಿನದು," ಎಂದು ಅವನು ಹೆಂಡತಿಗೆ ಹೇಳಿದ. "ನಮ್ಮ ಅಂಗಳದಲ್ಲೇ ಕಟ್ಟಿಬಿಡ್ತೀನಿ. ಬೆಟ್ಟದಂಥ ಒಲೆ. ಯಾರು ಎತ್ತುತ್ತಾರೋ ನೋಡೋಣ."

ಮಸ್ತೂರಾ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಜೀವಮಾನದಲ್ಲಿ ಕತ್ತರಿ ಬಿಟ್ಟು ಬೇರೆ ಏನಾದ್ರೂ ಹಿಡಿದಿದೀರಾ?"

"ಸಾಬೂನಿನ ನೊರೆ ಹಚ್ಚಿ ನುಣ್ಣಗೆ ಮಾಡೋದಕ್ಕೂ ಸಿಮೆಂಟು ಹಚ್ಚಿ ನುಣ್ಣಗೆ ಮಾಡೋದಕ್ಕೂ ಏನು ವ್ಯತ್ಯಾಸ?"

"ಕೆನ್ನೆ ಮೇಲೆ ಕೆಂಡ ಹಾಕಲ್ಲ. ಅದೇ ವ್ಯತ್ಯಾಸ."

ಎರ್ಗಾಶ್ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿತ್ತಲಿನಲ್ಲಿ ಉಳಿದಿದ್ದ ಸಿಮೆಂಟು ಮೂಟೆಯನ್ನು ಬಿಚ್ಚಿ, ಕಾಲುವೆಯಿಂದ ಮರಳು ಬಗೆದು, ಹಳೆಯ ಬಾಗಿಲ ಹಲಗೆಗಳನ್ನು ಅಚ್ಚಿನಂತೆ ಜೋಡಿಸಿ, ದ್ರಾಕ್ಷಿ ಚಪ್ಪರದ ಪಕ್ಕದಲ್ಲಿ ಕೆಲಸಕ್ಕೆ ನಿಂತ. ಗುಟ್ಟಾಗಿ ಕಟ್ಟಿ ಬೀದಿಯವರನ್ನೆಲ್ಲ ಬೆರಗುಗೊಳಿಸಬೇಕೆಂಬುದು ಅವನ ಎಣಿಕೆ. ಆದರೆ ಆ ಊರಿನಲ್ಲಿ ಗುಟ್ಟಾಗಿ ಸಿಮೆಂಟು ಕಲಸುವುದು ಸಾಧ್ಯವೇ ಇಲ್ಲ. ಸಲಿಕೆ ನೆಲಕ್ಕೆ ತಾಗಿದ ಸದ್ದು ಕೇಳಿದರೆ ಸಾಕು, ಯಾರದೋ ಮನೆ ಕಟ್ಟುತ್ತಿದ್ದಾರೆ, ಕೈಜೋಡಿಸಬೇಕು ಎಂದು ಬೀದಿಯೇ ತೋಳು ಮಡಿಸಿಕೊಂಡು ಬಂದುಬಿಡುತ್ತದೆ. ಕರೆಯಬೇಕಾದ್ದಿಲ್ಲ. ಬೇಡವೆನ್ನುವಂತಿಲ್ಲ. ಬಂದವರಿಗೆ ಪಲಾವ್ ಹಾಕದೆ ಕಳಿಸುವಂತೆಯೂ ಇಲ್ಲ.

ಮಸ್ತೂರಾ ದೊಡ್ಡ ಕಡಾಯಿ ಇಟ್ಟಳು. ಇಡುವಾಗ ಬೇಕೆಂದೇ ಸ್ವಲ್ಪ ಜೋರಾಗಿ ಇಟ್ಟಳು.

ಬಂದವರು ಒಬ್ಬೊಬ್ಬರೂ ಒಂದೊಂದು ಹೇಳಿದರು. ಉದ್ದ ಹೆಚ್ಚಾಯಿತು ಎಂದ ಒಬ್ಬ. ಎತ್ತರ ಕಡಿಮೆಯಾಯಿತು ಎಂದ ಇನ್ನೊಬ್ಬ. ಕೊಚ್ಕೋರ್ ಮಾತ್ರ ಮರಳು ಹೊರುತ್ತ, "ಇಷ್ಟೆಲ್ಲ ಯಾಕಣ್ಣಾ ಕಷ್ಟ? ಬೇಕಿದ್ರೆ ನನ್ನ ಒಲೆ ತಗೊಂಡು ಹೋಗಬಹುದಿತ್ತಲ್ಲ," ಎಂದ. 'ನನ್ನ ಒಲೆ' ಎಂಬ ಮಾತು ಕೇಳಿ ಎರ್ಗಾಶ್ ಕರಣೆಯನ್ನು ಸ್ವಲ್ಪ ಹೊತ್ತು ಕೆಳಗಿಡಬೇಕಾಯಿತು.

ಕೊನೆಗೆ ಬಂದವಳು ಸಾಲಿಹಾ ಅಜ್ಜಿ. ಆ ಬೀದಿಯ ರೊಟ್ಟಿ ಸುಡುವ ಮಣ್ಣಿನ ತಂದೂರುಗಳೆಲ್ಲ ಅವಳ ಕೈಯಿಂದ ಆದವು. ಅವಳು ಕಲಸಿದ ರಾಶಿಯನ್ನು ಬೆರಳಿನಿಂದ ಒತ್ತಿ ನೋಡಿ, "ಇದರಲ್ಲಿ ಉಣ್ಣೆ ಎಲ್ಲೋ?" ಎಂದಳು.

"ಉಣ್ಣೆ ಯಾಕಜ್ಜಿ? ಇದು ಸಿಮೆಂಟು."

"ಸಿಮೆಂಟಾದ್ರೇನು, ಬೆಣ್ಣೆಯಾದ್ರೇನು? ಬೆಂಕಿ ಹಾಕೋದು ಹೌದು ತಾನೆ? ಒಲೆ ಮಣ್ಣಿಗೆ ಉಣ್ಣೆ ಹಾಕದಿದ್ರೆ ಬಿರುಕು ಬಿಡುತ್ತೆ. ನಿಮ್ಮಮ್ಮನ ತಂದೂರಿಗೆ ನಾನೇ ಹಾಕಿದ್ದೆ. ಇವತ್ತಿಗೂ ಕೂದಲೆಳೆ ಬಿರುಕಿಲ್ಲ, ಹೋಗಿ ನೋಡು."

ಅದು ನಿಜವಾಗಿತ್ತು. ನಿಜವನ್ನು ಹೇಗೆ ಅಲ್ಲಗಳೆಯುವುದು? ಎರ್ಗಾಶ್ ತಲೆ ಕೆರೆದುಕೊಂಡ. ಆಗ ಅವನಿಗೆ ಇನ್ನೊಂದು ವಿಚಾರ ಹೊಳೆಯಿತು. "ಅಜ್ಜಿ, ಕೂದಲೇ ಬೇಕಾದ್ರೆ ನನ್ನ ಅಂಗಡೀಲಿ ಮೂಟೆಗಟ್ಟಲೆ..."

"ಬಾಯಿ ಮುಚ್ಚಿ!" ಎಂದು ಅಡುಗೆಕೋಣೆಯಿಂದ ಕೂಗು ಬಂತು. "ಬೀಗರಿಗೆ ಊರವರ ತಲೆಗೂದಲ ಹೊಗೆ ಹಾಕ್ತೀರಾ?"

ಹೀಗಾಗಿ ಅಜ್ಜಿ ತನ್ನ ಹಳೆಯ ಹಾಸಿಗೆಯ ಕುರಿಯುಣ್ಣೆಯನ್ನೇ ತಂದು ಧಾರಾಳವಾಗಿ ಸುರಿದಳು. ಎಲ್ಲರೂ ಸೇರಿ ತುಳಿದರು, ಅಚ್ಚಿಗೆ ತುಂಬಿದರು, ಬಡಿದರು. ಎರ್ಗಾಶ್ ಮೇಲ್ಮೈಯನ್ನು ಮದುಮಗನ ಗಲ್ಲದಂತೆ ನುಣುಪು ಮಾಡಿದ. ಆಮೇಲೆ, ತಂದೂರಿಗೆ ಮಾಡುವಂತೆಯೇ, ಚೆನ್ನಾಗಿ ಒಣಗಲೆಂದು ನೆತ್ತಿಯ ಮೇಲಿನ ಬಿಸಿಲಿಗೆ ಬಿಟ್ಟ. ಸಿಮೆಂಟಿಗೆ ದಿನವೂ ನೀರುಣಿಸಬೇಕೆಂದು ಯಾರೂ ಹೇಳಲಿಲ್ಲ. ಯಾರಾದರೂ ಹೇಳಿದ್ದರೆ ಅವನು ನಗುತ್ತಿದ್ದ. ಒಲೆಗೆ ನೀರು ಹಾಕುವುದುಂಟೆ!

ಭಾನುವಾರ ಬಂತು. ಬೀಗರೂ ಬಂದರು. ಬೀಗರು, ಬೀಗಿತ್ತಿ, ಅಳಿಯ, ಮಗಳು ನಾಫಿಸಾ. ಬಾಗಿಲಲ್ಲಿ ಎದೆಗೆ ಕೈಯಿಟ್ಟು ಬಾಗುವುದು, ಒಬ್ಬರನ್ನೊಬ್ಬರು ಆರೋಗ್ಯ ಕೇಳುವುದು, ಮನೆಮಂದಿಯನ್ನೆಲ್ಲ, ದನಕರುಗಳನ್ನೆಲ್ಲ ಕೇಳುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಎಲ್ಲ ಶಾಸ್ತ್ರೋಕ್ತವಾಗಿ ನಡೆಯಿತು. ಚಪ್ಪರದ ಕೆಳಗಿನ ಮರದ ಜಗಲಿಯಲ್ಲಿ, ಬಾಗಿಲಿನಿಂದ ದೂರದ ಗೌರವದ ಸ್ಥಾನದಲ್ಲಿ, ದಿಂಬಿಗೆ ದಿಂಬು ಒಟ್ಟಿ ತೋಖ್ತಾಸಿನ್ ಅವರನ್ನು ಕೂರಿಸಿದರು. ಅವರು ರೊಟ್ಟಿ ಮುರಿದರು. ಚಹಾದ ಬಟ್ಟಲನ್ನು ನೋಡಿದರು. ಚಪ್ಪರ ನೋಡಿದರು. ಕೊನೆಗೆ ಒಲೆಯನ್ನು ನೋಡಿದರು.

"ಇದೇನು, ಗೋರಿಯೇ?" ಎಂದರು.

"ಕಬಾಬಿನ ಒಲೆ, ಬೀಗರೇ. ನಾನೇ ಕಟ್ಟಿದ್ದು," ಎಂದು ಎರ್ಗಾಶ್ ನಡುಗುವ ಹೆಮ್ಮೆಯಿಂದ ಹೇಳಿದ.

ಇದ್ದಿಲು ಹಾಕಿ ಬೆಂಕಿ ಹಚ್ಚಿದ. ಕೆಂಡ ಕೆಂಪಾಯಿತು. ಒಂದು ತುಂಡು ಮಾಂಸ, ಒಂದು ತುಂಡು ಕುರಿಬಾಲದ ಕೊಬ್ಬು ಎಂದು ಪೋಣಿಸಿದ ಸಲಾಕೆಗಳನ್ನು ಮಸ್ತೂರಾ ತಂದುಕೊಟ್ಟಳು. ಅಷ್ಟರಲ್ಲಿ ಒಲೆಯ ಹೊಟ್ಟೆಯಿಂದ ಒಂದು ವಾಸನೆ ಎದ್ದಿತು. ಮೊದಲು ಸಣ್ಣಗೆ. ಆಮೇಲೆ ದಟ್ಟವಾಗಿ. ಸುಟ್ಟ ಉಣ್ಣೆಯ ವಾಸನೆ.

ತೋಖ್ತಾಸಿನ್ ಅವರ ಮೀಸೆ ಅಲುಗಿತು. ಮೂಗು ಮೇಲಕ್ಕೆದ್ದಿತು. ಮದುವೆಯ ದಿನ ಕಾಣದಿದ್ದ ಬೆಳಕು ಅವರ ಮುಖದಲ್ಲಿ ಕಾಣಿಸಿತು.

"ಕುರಿ ತಲೆ ಸುಡ್ತಾ ಇದೀರಾ?"

ಎಲ್ಲರೂ ಒಲೆಯ ಕಡೆಗೆ ತಿರುಗಿದರು.

"ಎಷ್ಟು ಕಾಲವಾಯ್ತು ಈ ವಾಸನೆ ಮೂಗಿಗೆ ಬಿದ್ದು!" ಎಂದರು ಬೀಗರು. "ನಮ್ಮಮ್ಮ ಅಂಗಳದಲ್ಲಿ ಕೂತು ತಲೆ, ಕಾಲು ಸುಡ್ತಿದ್ರು. ಈಗ ನಮ್ಮನೇಲಿ ವಾಸನೆ ಅಂತ ಯಾರೂ ಸುಡಲ್ಲ. ನನಗೋಸ್ಕರ ಇಷ್ಟೆಲ್ಲ ಮಾಡಿದ್ರಾ, ಬೀಗರೇ?"

ಮುಖ ಮುರಿಯದ ಎರ್ಗಾಶ್ ತಲೆಯಾಡಿಸಿಬಿಟ್ಟ.

ಮಸ್ತೂರಾ ಬಟ್ಟಲು ತುಂಬುವ ನೆಪದಲ್ಲಿ ಅವನ ಪಕ್ಕಕ್ಕೆ ಬಂದಳು. "ಹೂಂ ಅಂದ್ರಲ್ಲ, ತಲೆ ಎಲ್ಲಿಂದ ತರ್ತೀರಿ?" ಎಂದು ಹಲ್ಲಿನ ನಡುವೆಯೇ ಪಿಸುಗುಟ್ಟಿದಳು. "ಇರೋದು ನಿಮ್ಮದೊಂದೇ. ಅದರಲ್ಲೂ ಒಳಗೇನೂ ಇಲ್ಲ."

ಈ ಸಂಕಟದಿಂದ ಅವನನ್ನು ಪಾರುಮಾಡಿದ್ದು ಒಲೆಯೇ. ಮೊದಲು ಟಪ್ ಎಂದಿತು. ಆಮೇಲೆ ಟಪಟಪ ಎಂದಿತು. ಆಮೇಲೆ ಸಿಡಿಲು ಬಡಿದಂತೆ ಢಂ ಎಂದಿತು. ಒಂದು ಸಲಾಕೆ ಹಾರಿ ದ್ರಾಕ್ಷಿ ಚಪ್ಪರದಲ್ಲಿ ಸಿಕ್ಕಿಕೊಂಡಿತು. ಎರ್ಗಾಶನ ಟೋಪಿ ಹಾರಿ ಅಂಗಳದಂಚಿನ ಕಾಲುವೆಯಲ್ಲಿ ತೇಲಿತು. ಆ ಮಹಾ ಒಲೆ ಮಾಗಿದ ಕಲ್ಲಂಗಡಿಯ ಹಾಗೆ ನಿಧಾನವಾಗಿ, ಗಂಭೀರವಾಗಿ, ನಡುವೆ ಬಿರಿದು ಎರಡು ಹೋಳಾಯಿತು. ಕೆಂಡಗಳು ನೆಲಕ್ಕೆ ಸುರಿದವು. ಬಿರುಕಿನ ಅಂಚಿನಲ್ಲಿ ಕರಿ ಉಣ್ಣೆಯ ಎಳೆಗಳು ಗಡ್ಡದಂತೆ ಜೋತಾಡಿದವು.

ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನಾಫಿಸಾಳ ಮುಖ ಕೆಂಡಕ್ಕಿಂತ ಕೆಂಪಾಗಿತ್ತು. ಮಗಳ ಆ ಮುಖ ನೋಡಿ ಎರ್ಗಾಶನಿಗೆ ಭೂಮಿಯೂ ಹೀಗೆಯೇ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. "ತಲೆಯಲ್ಲ, ಬೀಗರೇ," ಎಂದ ಅವನು, ದನಿ ಇಲ್ಲದ ದನಿಯಲ್ಲಿ. "ಸಿಮೆಂಟಿಗೆ ಉಣ್ಣೆ ಹಾಕಿದ್ದೆ."

ತೋಖ್ತಾಸಿನ್ ಎದ್ದು ನಿಂತರು. ಹೊರಟೇಬಿಟ್ಟರೆಂದು ಎಲ್ಲರೂ ತಿಳಿದರು. ಅವರು ಕೋಟು ಕಳಚಿ ಮಗನ ಕೈಗೆ ಕೊಟ್ಟರು. ತೋಳು ಮಡಿಸಿದರು. ಗೋಡೆಗೆ ಒರಗಿಸಿದ್ದ ಸಲಿಕೆಯನ್ನು ತೆಗೆದುಕೊಂಡು, ಸುತ್ತ ನೋಡಿ, ಮಸ್ತೂರಾ ಮಕ್ಕಳಂತೆ ಸಾಕಿದ್ದ ತುಳಸಿಗಂಧದ ಸೊಪ್ಪಿನ ಮಡಿಯಲ್ಲಿ ಗಚಕ್ಕನೆ ಅಗೆದರು.

"ಅಯ್ಯೋ, ನೀವು ಏಳಬಾರದು! ನೀವು ಅತಿಥಿಗಳು!" ಎಂದು ಮಸ್ತೂರಾ ಕೂಗಿದಳು. (ಆ ಕೂಗಿನಲ್ಲಿ ಅರ್ಧ ಅತಿಥಿಗಾಗಿ, ಅರ್ಧ ಸೊಪ್ಪಿಗಾಗಿ.)

ಬೀಗಿತ್ತಿ ಅವಳ ಕೈ ಹಿಡಿದಳು. "ಬಿಡಿ ತಂಗಿ. ಅವರ ಕೈಗೆ ಸಲಿಕೆ ಸಿಕ್ಕಿ ಎಷ್ಟು ದಿನ ಆಗಿತ್ತೋ! ಈಗ ದೇವರೇ ಬಂದ್ರೂ ಕೊಡಲ್ಲ."

ಉದ್ದನೆಯ ಗುಂಡಿಯಾಯಿತು. ಎರಡು ಬದಿಗೆ ಇಟ್ಟಿಗೆ ಬಂತು. ಕೆಂಡಗಳನ್ನು ಸಲಿಕೆಯಲ್ಲಿ ಬಾಚಿ ಸುರಿದದ್ದಾಯಿತು. ಇಬ್ಬರು ಬೀಗರು ಗುಂಡಿಯ ಎದುರುಬದುರು ಕುಕ್ಕರುಗಾಲಲ್ಲಿ ಕುಳಿತು ಸಲಾಕೆ ತಿರುಗಿಸಿದರು. ರೈಲ್ವೆಯ ದೊಡ್ಡ ಹುದ್ದೆ ಹೊಗೆಯಲ್ಲಿ ಕಣ್ಣೀರು ಸುರಿಸಿತು, ಬೆರಳು ಸುಟ್ಟುಕೊಂಡಿತು, ಉಫ್ ಉಫ್ ಎಂದು ಊದಿತು, ನಕ್ಕಿತು.

"ನಿಮಗೊಂದು ದೂರು ಹೇಳಬೇಕು, ಬೀಗರೇ," ಎಂದರು ತೋಖ್ತಾಸಿನ್, ಇದ್ದಕ್ಕಿದ್ದಂತೆ ದನಿ ತಗ್ಗಿಸಿ. "ನಿಮ್ಮ ಮಗಳ ಮೇಲೆ."

ಎರ್ಗಾಶನ ಕೈಯಲ್ಲಿದ್ದ ಸಲಾಕೆ ನಿಂತುಹೋಯಿತು. ಅವನು ಹೆದರಿದ್ದೆಲ್ಲ ಈ ಮಾತಿಗೇ.

"ನಿವೃತ್ತನಾದಾಗಿಂದ ನನ್ನನ್ನ ಮನೇಲಿ ದಿಂಬಿನ ಮೇಲೆ ಇಟ್ಟಿದಾರೆ. ಇಬ್ಬರು ಮಕ್ಕಳು ಏನೂ ಮುಟ್ಟೋಕೆ ಬಿಡ್ತಿರಲಿಲ್ಲ. ಆದರೂ ಕದ್ದು ಮುಚ್ಚಿ ಒಂದಿಷ್ಟು ನಡೀತಿತ್ತು. ಗಿಡಕ್ಕೆ ನೀರು ಹಾಕ್ತಿದ್ದೆ, ನನ್ನ ಬೂಟು ನಾನು ಒರೆಸ್ತಿದ್ದೆ. ನಿಮ್ಮ ಮಗಳು ಬಂದ್ಲು ನೋಡಿ, ಅದೂ ಹೋಯ್ತು! ನಾನು ಏಳೋ ಮೊದಲೇ ಗಿಡಕ್ಕೆ ನೀರಾಗಿರುತ್ತೆ. ಬಾಗಿಲಿಗೆ ಬಂದ್ರೆ ಬೂಟು ಹೊಳೀತಾ ಹೊರಮುಖವಾಗಿ ಕೂತಿರುತ್ತೆ. ಮಾವ, ನೀವು ಕೂತ್ಕೊಳ್ಳಿ. ಮಾವ, ನಾನು ತರ್ತೀನಿ. ಇಂಥ ಹುಡುಗೀನ ಹೇಗಪ್ಪಾ ಬೆಳೆಸಿದ್ರಿ? ನನಗೆ ತುಕ್ಕು ಹಿಡೀತಿದೆ!"

ಹೊಗೆ ಬಹಳವಿತ್ತು, ಎರ್ಗಾಶನಿಗೆ ಕಣ್ಣೊರೆಸಿಕೊಳ್ಳಲು ಅದೊಂದು ಅನುಕೂಲವಾಯಿತು. ಹಿಂದೆ ರೊಟ್ಟಿ ತರುವ ನೆಪದಲ್ಲಿ ನಿಂತಿದ್ದ ಮಸ್ತೂರಾ, ಹಾಳಾದ ಸೊಪ್ಪಿನ ಮಡಿಯನ್ನು ಅದೇ ಕ್ಷಣದಲ್ಲಿ ಮನಸಾರೆ ಕ್ಷಮಿಸಿದಳು.

ಹೊರಡುವಾಗ ಬೀಗರು ಎರ್ಗಾಶನನ್ನು ಬಾಗಿಲ ಮರೆಗೆ ಕರೆದರು. "ನಮ್ಮ ಮನೆಗೂ ಇಂಥದ್ದೊಂದು ಒಲೆ ಕಟ್ಟಿಕೊಡಿ."

"ಬೀಗರೇ, ಒಡೆದುಹೋಯ್ತಲ್ಲ!"

"ಅದಕ್ಕೇ ಕೇಳ್ತಿರೋದು! ಒಳ್ಳೆ ಒಲೆಯಾದ್ರೆ ನನ್ನ ಮಕ್ಕಳು ಮುಂದೆ ನಿಂತು ಸುಡ್ತಾರೆ, ನಾನು ದಿಂಬಿನ ಮೇಲೆ. ಒಡೆಯೋ ಒಲೆಯಾದ್ರೆ ಎಲ್ಲರೂ ಗಾಬರಿಯಾಗ್ತಾರೆ. ಆ ಗಾಬರೀಲಿ ಸಲಿಕೆ ನನ್ನ ಕೈಗೆ ಬರುತ್ತೆ. ಹೀಗೇ ಕಟ್ಟಬೇಕು, ನೆನಪಿರಲಿ. ಉಣ್ಣೆ ಜಾಸ್ತಿ ಹಾಕಿ."

ಜೀವಮಾನದಲ್ಲಿ ಎರ್ಗಾಶನ ಕುಶಲ ವಿದ್ಯೆಗೆ ಇಷ್ಟು ದೊಡ್ಡ ಬೇಡಿಕೆ ಬಂದಿರಲಿಲ್ಲ. ಅವನು ಕೋಕಂದಿಗೆ ಹೋದ. ಒಂದು ಚೀಲದಲ್ಲಿ ಕರಣೆ, ಇನ್ನೊಂದರಲ್ಲಿ ಸಾಲಿಹಾ ಅಜ್ಜಿಯ ಹಾಸಿಗೆಯ ಉಳಿದ ಅರ್ಧ. ಬೀಗರ ಅಂಗಳದಲ್ಲಿ ಹಿಪ್ಪುನೇರಳೆ ಮರದ ಕೆಳಗೆ, ಎಷ್ಟು ಕೆಟ್ಟದಾಗಿ ಕಟ್ಟಬಹುದೋ ಅಷ್ಟು ಕೆಟ್ಟದಾಗಿ ಕಟ್ಟಿದ. ಮರಳು ಹೆಚ್ಚು ಹಾಕಿದ. ಉಣ್ಣೆಯನ್ನು ಮುದ್ದೆಮುದ್ದೆಯಾಗಿ ತುರುಕಿದ. ತೋಖ್ತಾಸಿನ್ ದಿಂಬಿಗೊರಗಿ ಕುಳಿತು ದೂರದಿಂದಲೇ ಕಣ್ಣುಮಿಟುಕಿಸುತ್ತಿದ್ದರು. ಹೊರಡುವಾಗ ಎರ್ಗಾಶ್ ಮನೆಯವರಿಗೆಲ್ಲ ಕೇಳುವಂತೆ, "ಬಿಸಿಲಿಗೆ ಬಿಡಿ, ಮುಟ್ಟಬೇಡಿ," ಎಂದು ಹೇಳಿಯೇ ಹೊರಟ.

ಜರ್ದಾಳು ಹಣ್ಣಾಗುವ ಹೊತ್ತಿಗೆ ಒಲೆಯ ಪ್ರಾರಂಭೋತ್ಸವಕ್ಕೆ ಕರೆ ಬಂತು. ಎರ್ಗಾಶನೂ ಮಸ್ತೂರಾಳೂ ಹೊಸ ಬಟ್ಟೆ ತೊಟ್ಟು ಹೋದರು. ಬೀಗರ ಅಂಗಳದ ತುಂಬ ಜನ. ತೋಖ್ತಾಸಿನ್ ಅವರ ದಿಂಬಿನ ಹಿಂದೆ ಸಲಿಕೆಯ ಹಿಡಿ ಇಣುಕುತ್ತಿತ್ತು. ಹಿರಿಯ ಮಗ ಬೆಂಕಿ ಹಚ್ಚಿದ. ಇಬ್ಬರು ಬೀಗರೂ ಉಸಿರು ಬಿಗಿಹಿಡಿದು ಕಾದರು.

ಕೆಂಡ ಕೆಂಪಾಯಿತು. ವಾಸನೆ ಬರಲಿಲ್ಲ. ಟಪ್ ಎನ್ನಲಿಲ್ಲ. ಕೊಬ್ಬು ತೊಟ್ಟಿಕ್ಕಿ ಚುಂಯ್ ಎಂದಿತು, ಅಷ್ಟೆ.

"ಏನು ಮಾಡಿದ್ರಿ?" ಎಂದು ತೋಖ್ತಾಸಿನ್ ಪಿಸುಗುಟ್ಟಿದರು.

"ನಾನೇನೂ ಮಾಡಿಲ್ಲ, ಬೀಗರೇ! ದೇವರಾಣೆ, ಆದಷ್ಟು ಹಾಳಾಗೇ ಕಟ್ಟಿದ್ದೆ!"

ಅಷ್ಟರಲ್ಲಿ ನಾಫಿಸಾ ರೊಟ್ಟಿಯ ತಟ್ಟೆ ಹಿಡಿದು ಬಂದಳು. ಅವಳ ಮುಖ ಹೆಮ್ಮೆಯಿಂದ ಅರಳಿತ್ತು. "ಅಪ್ಪಾ, ಈ ಸಲ ನಿಮ್ಮ ಒಲೆ ಒಡೆಯಲ್ಲ. ಮೊದಲ್ನೇದು ಒಡೆದಾಗ ನೀವು ನಿಂತಿದ್ದ ರೀತಿ ನನಗೆ ಮರೆಯೋಕೇ ಆಗಿರಲಿಲ್ಲ. ಅದಕ್ಕೆ ಕಟ್ಟಡ ಕೆಲಸದವರನ್ನ ಕೇಳಿ ತಿಳ್ಕೊಂಡೆ. ಬೆಳಿಗ್ಗೆ ಸಂಜೆ ನೀರು ಹಾಕಿದೆ, ಒದ್ದೆ ಗೋಣಿ ಹೊದಿಸಿದೆ. ಆಮೇಲೆ ನೆರಳಲ್ಲಿ ಒಣಗಿಸಿ, ಒಳಗೆಲ್ಲ ತಂದೂರಿನ ಮಣ್ಣು ಮೆತ್ತಿದೆ. ಮಾವ ಒಂದು ದಿನ ಗೋಣಿ ತೆಗೆಯೋಕೆ ಹೋಗಿದ್ರು. ನಾನು ಬಿಡಲಿಲ್ಲ, ನೀವು ಕೂತ್ಕೊಳ್ಳಿ ಮಾವ ಅಂದೆ."

ಎರ್ಗಾಶ್ ಮಗಳ ಕೈಗಳನ್ನು ನೋಡಿದ. ಸಿಮೆಂಟು ನೀರು ತಾಗಿ ಬೆರಳ ತುದಿಗಳು ಒರಟಾಗಿದ್ದವು. ತೋಖ್ತಾಸಿನ್ ಕೂಡ ಆ ಕೈಗಳನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟು ಬರಲು ಬಹಳ ಪ್ರಯತ್ನಿಸಿತು. ಬರಲಾಗಲಿಲ್ಲ. ಅವರು ದಿಂಬಿನ ಹಿಂದಿನಿಂದ ಸಲಿಕೆಯನ್ನು ತೆಗೆದು, ಸದ್ದಾಗದಂತೆ ಜಗಲಿಯ ಕೆಳಗೆ ದೂಡಿದರು.

ಕಬಾಬಿನ ಪರಿಮಳ ಅಂಗಳ ತುಂಬಿತು. ಬಂದವರೆಲ್ಲ ಒಲೆಯ ಸುತ್ತ ನಿಂತು ಹೊಗಳಿದರು. ತಾನು ಕಟ್ಟಿದ ಒಲೆಯ ಮೇಲೆ ಒಂದೇ ಒಂದು ಸಲಾಕೆಯನ್ನಾದರೂ ತಿರುಗಿಸೋಣವೆಂದು ಎರ್ಗಾಶನ ಕೈ ತುರಿಸಿತು. ಅವನು ತೋಳು ಮಡಿಸಿ ಏಳಹೊರಟ.

"ಅಯ್ಯೋ, ನೀವು ಏಳಬಾರದು!" ಎಂದು ಬೀಗರ ಇಬ್ಬರು ಗಂಡುಮಕ್ಕಳೂ ಒಟ್ಟಿಗೆ ಓಡಿಬಂದರು. ಒಬ್ಬ ಅವನ ಹೆಗಲು ಹಿಡಿದು ಕೂರಿಸಿದ. ಇನ್ನೊಬ್ಬ ಬೆನ್ನಿಗೆ ದಿಂಬು ಕೊಟ್ಟ. ಸಾಲದೆಂದು ಮತ್ತೊಂದು ದಿಂಬು ಕೊಟ್ಟ. ನಾಫಿಸಾ ಅಪ್ಪನ ಅಂಗಿಯ ಮಡಿಸಿದ ತೋಳನ್ನು ಬಿಡಿಸಿ ಕೈಗೆ ಚಹಾದ ಬಟ್ಟಲಿಟ್ಟಳು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ಮಸ್ತೂರಾ ಇದನ್ನೆಲ್ಲ ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಭುಜ ಕುಣಿಯುವಂತೆ ನಕ್ಕಳು.

ಇಬ್ಬರು ಬೀಗರೂ ದಿಂಬುಗಳ ನಡುವೆ ಅಕ್ಕಪಕ್ಕದಲ್ಲಿ ಹುದುಗಿ, ದೂರದಲ್ಲಿ ಯಾರೋ ತಿರುಗಿಸುತ್ತಿದ್ದ ಸಲಾಕೆಗಳನ್ನು ನೋಡುತ್ತ ಕುಳಿತರು. ಬಿಸಿ ಬಿಸಿ ಕಬಾಬ್ ಬಂತು. ತೋಖ್ತಾಸಿನ್ ತಟ್ಟೆಯನ್ನು ಎರ್ಗಾಶನ ಕಡೆಗೆ ಸರಿಸಿದರು.

"ತಿನ್ನಿ, ಬೀಗರೇ. ಎಡಬದಿ ಸ್ವಲ್ಪ ಸೀದುಹೋಗ್ತಿದೆ, ನೋಡಿದ್ರಾ?"

"ನೋಡಿದೆ. ತಿರುಗಿಸಬೇಕಿತ್ತು."

"ನಾನಾಗಿದ್ರೆ ಆಗಲೇ ತಿರುಗಿಸ್ತಿದ್ದೆ."

"ನಾನೂ," ಎಂದು ಎರ್ಗಾಶ್ ನಿಟ್ಟುಸಿರು ಬಿಟ್ಟು ಒಂದು ತುಂಡನ್ನು ಬಾಯಿಗೆ ಹಾಕಿಕೊಂಡ. ಅಂಥ ಕಬಾಬನ್ನು ಅವನು ಜನ್ಮದಲ್ಲಿ ತಿಂದಿರಲಿಲ್ಲ.